ಅಕ್ಕಿಯ ಮೇಲೆ ಬರೆದದ್ದು

ಮಾಗಡಿಯಲ್ಲಿ ಬೋರ್ಡು ಬರೆಯುವ ಲಿಂಗಯ್ಯ ಚೌಕಾಸಿಗೆ ಬಗ್ಗುವ ಆಸಾಮಿಯಲ್ಲ. ಆದರೆ ಅಕ್ಷರಾಭ್ಯಾಸಕ್ಕೆಂದು ಬಂದವರ ಹತ್ತಿರ ಮಾತ್ರ ಎಲೆ ಅಡಿಕೆ ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಮಗುವಿಗೆ ಅಕ್ಷರ ಬರೆದುಕೊಟ್ಟು ದುಡ್ಡು ತಗೊಂಡರೆ ಕೈ ಬಿದ್ದುಹೋಗುತ್ತದೆ ಎಂಬುದು ಅಪ್ಪನ ಕಾಲದಿಂದ ಆ ಮನೆಯ ನಂಬಿಕೆ.

ಈ ಗುಟ್ಟನ್ನು ಅನಂತರಾಜು ಎಂಬ ಇಸ್ತ್ರಿ ಅಂಗಿಯವನಿಗೆ ಯಾವ ಪುಣ್ಯಾತ್ಮ ಹೇಳಿದನೋ! ಮೂರು ವರ್ಷದ ಹಿಂದೆ ತಟ್ಟೆ ತುಂಬ ಅಕ್ಕಿ, ಬೆಲ್ಲ ಹಿಡಿದು ಬಂದ. "ಮಗಳಿಗೆ ಅಕ್ಷರಾಭ್ಯಾಸ ಕಣಣ್ಣ. ಅಕ್ಷರ, ಕಾಗುಣಿತ, ಒತ್ತು ಎಲ್ಲಾನೂ ನಿಮ್ ಕೈಲೇ ಬರ್ಕೊಡಿ, ಗೋಡೆಗೆ ಹಾಕ್ತೀನಿ" ಅಂದ. ಮಗಳೆಲ್ಲಿ ಎಂದು ಲಿಂಗಯ್ಯ ಕೇಳಲಿಲ್ಲ. ನಾಲ್ಕು ದಿನ ಕೂತು ಬರೆದುಕೊಟ್ಟ.

ಆ ಬರಹ ಮೊದಲು ಕಂಡದ್ದು ಕನಕಪುರದ ಬೇಕರಿಯೊಂದರ ಫ್ಲೆಕ್ಸ್ ಮೇಲೆ. ತನ್ನದೇ ಅಕ್ಷರ. ಅಕ್ಷರ ಮುಗಿಯುವಲ್ಲಿ ತಾನು ಕೊಡುವ ಸಣ್ಣ ಕೊಂಕು ಕೂಡ ಹಾಗೇ ಇತ್ತು. ಆ ಬೇಕರಿಯ ಮೆಟ್ಟಿಲನ್ನು ಅವನು ಹತ್ತಿದವನೇ ಅಲ್ಲ. ಆಮೇಲೆ ಚನ್ನಪಟ್ಟಣದ ಗೊಂಬೆ ಅಂಗಡಿ, ರಾಮನಗರದ ಹೋಟೆಲು. ಕೊನೆಗೆ ಅವನ ಬೀದಿಯ ಮೆಡಿಕಲ್ ಸ್ಟೋರಿಗೂ ಬಂತು. ಬದುಕಿರುವಾಗಲೇ ತನ್ನ ದೆವ್ವ ಊರು ಸುತ್ತುತ್ತಿದೆ ಎನಿಸಿ ಲಿಂಗಯ್ಯನಿಗೆ ಹೆದರಿಕೆಯಾಯಿತು.

ಹೋದ ತಿಂಗಳು ನೋಟೀಸು ಬಂತು. ಆ ಬರಹವನ್ನೇ ಕಂಪ್ಯೂಟರಿಗೆ ಇಳಿಸಿ ಅನಂತರಾಜುವಿನ ಕಂಪನಿ ಮಾರುತ್ತಿದ್ದ ಫಾಂಟನ್ನು ಲಿಂಗಯ್ಯ ಅನುಮತಿಯಿಲ್ಲದೆ ಬೋರ್ಡುಗಳ ಮೇಲೆ ನಕಲು ಮಾಡುತ್ತಿದ್ದಾನಂತೆ. ನಿಲ್ಲಿಸದಿದ್ದರೆ ಕೋರ್ಟು. ಕಂಪನಿಯ ಹೆಸರು ಅಚ್ಚಾಗಿದ್ದದ್ದೂ ಲಿಂಗಯ್ಯನದೇ ಅಕ್ಷರದಲ್ಲಿ.

"ಅಲ್ಲಾ ಮೇಡಮ್ನೋರೆ, ನನ್ ಕೈನ ನಾನೇ ಕದ್ದೆ ಅಂತಾರಲ್ಲ!" ರಾಮನಗರದ ವಕೀಲೆ ರಾಧಾಮಣಿಯ ಮುಂದೆ ಅವನಿಗೆ ಅಳುವೇ ಬಂತು.

"ಅಕ್ಷರದ ಆಕಾರಕ್ಕೆ ಯಾರು ಒಡೆಯರು ಅಂತ ನಮ್ಮ ಕಾನೂನು ನೆಟ್ಟಗೆ ಹೇಳಿಲ್ಲ ಲಿಂಗಯ್ಯ. ಫಾಂಟಿನ ಫೈಲು ಸಾಫ್ಟ್‌ವೇರು ಅಂತ ಅವರು ವಾದ ಮಾಡ್ತಾರೆ. ಫೈಲು ಅವರ ಹೆಸರಲ್ಲಿದೆ. ನಿಮ್ಮ ಹತ್ರ ಒಂದು ರಸೀದಿ, ಕಾಗದ ಏನಾದ್ರೂ ಇದೆಯಾ?"

"ಎಲೆ ಅಡಿಕೆ ಇಸ್ಕಂಡಿದ್ದೆ."

ಅದನ್ನು ಅಗಿದು ಉಗಿದು ಮೂರು ವರ್ಷವಾಗಿತ್ತು.

"ನಾವು ಗೆಲ್ಲಲೂಬಹುದು. ಅಲ್ಲಿವರೆಗೂ ಬ್ರಷ್ ಕೆಳಗಿಡಿ."

"ಎಲ್ಲೀಗಂಟ?"

ರಾಧಾಮಣಿ ಮುಂದಿನ ಕಕ್ಷಿದಾರನನ್ನು ಕರೆದರು.

ಶುಕ್ರವಾರ ಮೊಮ್ಮಗ ದೀಪುವಿಗೆ ಅಕ್ಷರಾಭ್ಯಾಸ. ಮಗಳು ಅಮೂಲ್ಯ ತಟ್ಟೆಯಲ್ಲಿ ಅಕ್ಕಿ ಹರಡಿದಳು. ಲಿಂಗಯ್ಯ ಮಗುವಿನ ಬೆರಳು ಹಿಡಿದು 'ಅ' ಬರೆಸಿದ. ಬೇರೆ ಥರ ಬರೆಯಬೇಕು ಎಂದುಕೊಂಡೇ ಕೂತಿದ್ದ. ಆದರೂ ಕೊನೆಯಲ್ಲಿ ಆ ಕೊಂಕು ಬಂದೇಬಿಟ್ಟಿತು.

"ಹಂಗೇ ಇರಪ್ಪ, ಒಂದ್ ಫೋಟೊ. ಎಲ್ಲಾರ್ಗೂ ಕಳಿಸ್ತೀನಿ," ಎಂದು ಅಮೂಲ್ಯ ಫೋನೆತ್ತಿದಳು.

ಲಿಂಗಯ್ಯನ ಕಣ್ಣು ಆ ಕೊಂಕಿನ ಮೇಲೆ ಬಿತ್ತು. ಅಂಗೈಯಿಂದ ಅಕ್ಕಿಯನ್ನೆಲ್ಲ ಸವರಿಬಿಟ್ಟ.

"ಯಾಕ್ ತಾತ ಅಳಿಸ್ದೆ?"

ದೀಪು ತಾತನ ಕೈಯನ್ನೇ ನೋಡುತ್ತ ಕೂತ. ಆಮೇಲೆ ತಾತ ಕಲಿಸಿಕೊಟ್ಟ ಹಾಗೆಯೇ, ತನ್ನ ಪುಟ್ಟ ಅಂಗೈಯಿಂದ ಅಕ್ಕಿಯನ್ನು ಸವರತೊಡಗಿದ.