ಆರು ರಿಂಗಿನ ಊಟ

ಚನ್ನರಾಯಪಟ್ಟಣದಲ್ಲಿ ನನ್ನದು ಮೊಬೈಲ್ ಅಂಗಡಿ. ತೆಂಗಿನಕಾಯಿ ವ್ಯಾಪಾರಿ ಪಾಲಾಕ್ಷನಿಗೆ ಒಂದು ಗಂಟೆ ಪ್ಲಾನುಗಳನ್ನು ವಿವರಿಸಿ ನನ್ನ ಗಂಟಲು ಒಣಗಿತು. ಕೊನೆಗೆ ಅವನು ಬಾಯಿಬಿಟ್ಟ.

"ನಂಗೆ ಮಾತಾಡೋದೇನಿಲ್ಲ ಸಾ. ಮಧ್ಯಾಹ್ನ ಮನೆಗೊಂದು ಮಿಸ್ ಕಾಲ್ ಕೊಡಬೇಕು ಅಷ್ಟೇ. ಒಂದು ರಿಂಗಾದ್ರೆ ಊಟಕ್ಕೆ ನಾನೊಬ್ನೇ ಬತ್ತೀನಿ ಅಂತ. ಎರಡಾದ್ರೆ ಜೊತೇಲಿ ಇನ್ನೊಬ್ರು."

ಇದನ್ನು ಮೊದಲೇ ಹೇಳಬಾರದಿತ್ತೇ? ರೇಗಿಹೋಯಿತು. ಗಂಡ ಹೆಂಡತಿ ಇಬ್ಬರ ಫೋನಿಗೂ ಕಾಲರ್ ಟ್ಯೂನ್ ಪುಕ್ಕಟೆ ಬರುವ ಪ್ಲಾನು ಹಾಕಿ ಸಾಗಹಾಕಿದೆ.

ಮಾರನೇ ದಿನ ಮಧ್ಯಾಹ್ನ ಬಂದವನೇ ಫೋನನ್ನು ಮೇಜಿನ ಮೇಲೆ ಕುಕ್ಕಿದ.

"ರಿಂಗೇ ಕೇಳಕಿಲ್ಲ, ಬರೀ ಹಾಡು ಬತ್ತದೆ. ಎಣಿಸೋದೆಂಗೆ ಸಾ? ಹಾಡು ಚೆನ್ನಾಗೈತೆ ಅಂತ ಕೇಳ್ತಾ ನಿಂತೆ. ಮನೆಗೆ ಹೋದ್ರೆ ನನ್ನ ಹೆಂಡ್ತಿ ನೀಲಾಂಬಿಕೆ, ಆರು ರಿಂಗಾಯ್ತು ಅಂತ ಆರು ಎಲೆ ಹಾಕಿ ಕಾಯ್ತಾ ಕುಂತವಳೆ."

"ಅವರು ಫೋನ್ ಎತ್ತಿ ಕೇಳಬಹುದಿತ್ತಲ್ಲಯ್ಯಾ."

"ಎತ್ತಿದ್ರೆ ಅದು ಮಿಸ್ ಕಾಲ್ ಎಂಗಾಯ್ತದೆ?"

ಅವನು ನನ್ನ ರಟ್ಟೆ ಹಿಡಿದು ಎಬ್ಬಿಸಿದ.

"ಅನ್ನ ಆರ್ತದೆ, ನಡೀರಿ. ನೀವು ಕೊಟ್ಟ ಪ್ಲಾನು, ನೀವೇ ಬಂದು ಉಣ್ಣಿ."

ಉಳಿದ ನಾಲ್ವರನ್ನೂ ನಾನೇ ಹುಡುಕಿ ಕರೆತರಬೇಕಂತೆ.