ಬಳಕೆಯ ಟಿಪ್ಪಣಿ

ನಿಘಂಟಿನ ಕಚೇರಿಯಲ್ಲಿ ನನ್ನ ಕೆಲಸ ಚೀಟಿ ಬರೆಯುವುದು. ಒಂದು ಚೀಟಿಗೆ ಒಂದು ಮಾತು, ಅದರ ಅರ್ಥ, ಬಳಕೆಗೊಂದು ವಾಕ್ಯ. ವಾಕ್ಯ ಜನರ ಬಾಯಿಂದಲೇ ಬಂದಂತಿರಬೇಕು ಎಂಬುದು ಸಂಪಾದಕರ ಹಟ. ಅವತ್ತು ಬೆಳಿಗ್ಗೆ ಮನೆಯಲ್ಲಿ ಕೈಗೆ ಸಿಕ್ಕಿದ್ದು ‘ಠಿಕಾಣಿ ಹೂಡು’. ಬಚ್ಚಲಮನೆಯಲ್ಲಿ ಆಗಲೇ ಅರ್ಧ ಗಂಟೆಯಿಂದ ಮಾವ ಇದ್ದರು. ಆ ಸಿಟ್ಟಿನಲ್ಲೇ ಗೀಚಿದೆ: ‘ನಾಲ್ಕು ದಿನಕ್ಕೆಂದು ಬಂದ ಮಾವ ನಾಲ್ಕು ತಿಂಗಳಿಂದ ಠಿಕಾಣಿ ಹೂಡಿದ್ದಾರೆ.’ ಕಚೇರಿಯಲ್ಲಿ ಬೇರೆ ಬರೆದರಾಯಿತು ಎಂದು ಚೀಲಕ್ಕೆ ಹಾಕಲು ಪಕ್ಕಕ್ಕಿಟ್ಟೆ.

ಮಾವ ಅಂದರೆ ನನ್ನ ಹೆಂಡತಿಯ ಸೋದರಮಾವ. ತಂದೆಯಿಲ್ಲದ ಅವಳನ್ನು ಸಾಕಿ ಬೆಳೆಸಿದವರು. ಮೊಣಕಾಲಿನ ಚಿಕಿತ್ಸೆಗೆಂದು ಬಂದರು, ಅಷ್ಟರಲ್ಲಿ ಅವರಿದ್ದ ಬಾಡಿಗೆ ಕೋಣೆ ಇನ್ನೊಬ್ಬರ ಪಾಲಾಯಿತು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಜೀವ ಸುಮ್ಮನೆ ಕೂರುತ್ತದೆಯೇ? ನನ್ನ ಚೀಟಿಗಳನ್ನೆಲ್ಲ ದಿನಾ ತಿದ್ದಿಡುತ್ತಿದ್ದರು.

ಕಚೇರಿಯಲ್ಲಿ ಚೀಲ ತಡಕಿದರೆ ಆ ಚೀಟಿ ಇಲ್ಲ. ಮಾವನಿಗೆಂದು ಬಿಟ್ಟುಬಂದ ಕಟ್ಟಿನಲ್ಲೇ ಅದು ಸೇರಿಹೋಗಿತ್ತು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದೆ.

ಮಾವ ಕೆಂಪು ಪೆನ್ಸಿಲ್ ಹಿಡಿದು ಮೇಜಿನ ಮುಂದೆ ಕೂತಿದ್ದರು.

“ಕೊಡಿ ಮಾವ, ಸಂಪಾದಕರು ಅರ್ಜೆಂಟಾಗಿ ಕೇಳ್ತಿದ್ದಾರೆ.”

“ಇನ್ನು ಮೂರೇ ಮೂರು ಇರೋದು, ಅಳಿಯಂದ್ರೇ. ಕೂತ್ಕೊಳ್ಳಿ.”

ಕಿತ್ತುಕೊಂಡರೆ ಅನುಮಾನ ಬರುತ್ತದೆ. ಕೂತೆ. ಒಂದು ಮಗುಚಿದರು. ಇನ್ನೊಂದು ಮಗುಚಿದರು. ಮೂರನೆಯದರ ಮೇಲೆ ಪೆನ್ಸಿಲ್ ನಿಂತಿತು. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಕೆಳಗೆ ಏನೋ ಬರೆದು, ಕಟ್ಟಿಗೆ ದಾರ ಸುತ್ತಿ ನನ್ನ ಕೈಗಿಟ್ಟರು.

“ಅರ್ಥ ಸರಿಯಾಗಿದೆ. ಬಳಕೆಯ ಟಿಪ್ಪಣಿ ಬಿಟ್ಟುಹೋಗಿತ್ತು, ಸೇರಿಸಿದ್ದೀನಿ.”

ಸಂಜೆ ಹೆಂಡತಿ ಕೆಲಸದಿಂದ ಬರುವಷ್ಟರಲ್ಲಿ ಅವರ ಪೆಟ್ಟಿಗೆ ಬಾಗಿಲ ಬಳಿ ಇತ್ತು.

“ಇದೇನು ಮಾವ, ಇದ್ದಕ್ಕಿದ್ದ ಹಾಗೆ? ಎಲ್ಲಿಗೆ?”

“ಹಳೇ ಸ್ನೇಹಿತ ಕರೀತಾನೇ ಇದ್ದ ಕಣಮ್ಮ. ಕಾಲೂ ವಾಸಿ ಆಯ್ತಲ್ಲ.”

ಅವಳ ಕಣ್ಣು ತುಂಬಿತು. “ನೀವಾದ್ರೂ ಇರಿ ಅಂತ ಹೇಳಬಾರದಾ?” ಎಂದು ನನ್ನತ್ತ ತಿರುಗಿದಳು.

ಮಾವನೂ ನನ್ನನ್ನೇ ನೋಡಿದರು. ಒಂದು ಮಾತು ಸಾಕಾಗಿತ್ತು. ಆದರೆ ‘ಇರಿ’ ಎಂದರೆ ಮಾತಿಗೆ ಮಾತು ಬೆಳೆದು ಅವಳೆದುರು ಚೀಟಿಯ ವಿಷಯ ಹೊರಬಂದೀತೆಂಬ ಭಯ. ದಿನಕ್ಕೆ ನಲವತ್ತು ವಾಕ್ಯ ಬರೆಯುವ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರು ಕುಂಟದಿರಲು ಹಲ್ಲು ಕಚ್ಚಿ ಒಂದೊಂದೇ ಮೆಟ್ಟಿಲು ಇಳಿದರು.

ಅವಳು ಒಳಗೆ ಹೋದ ಮೇಲೆ, ಅದುವರೆಗೆ ಧೈರ್ಯ ಸಾಲದೆ ಹಾಗೇ ಇಟ್ಟಿದ್ದ ಕಟ್ಟಿನ ದಾರ ಬಿಚ್ಚಿದೆ. ನನ್ನ ವಾಕ್ಯದ ಒಂದಕ್ಷರವನ್ನೂ ಅವರು ಮುಟ್ಟಿರಲಿಲ್ಲ. ಕೆಳಗೆ ಕೆಂಪಿನಲ್ಲಿ, ದುಂಡಗೆ ಬರೆದಿದ್ದರು: ‘ಎದುರಿಗೆ ಆಡುವ ಮಾತಲ್ಲ. ಬೆನ್ನ ಹಿಂದೆ ಮಾತ್ರ.’