ಎಡಕ್ಕೆ ಬಂದ ಬಾಗಿಲು

೧

ಎಲ್ಲಿಂದ ಶುರು ಮಾಡಲಿ? ಕಥೆ ಹೇಳುವವರು ಇದನ್ನು ಬಾಯಿಮಾತಿಗೆ ಕೇಳುತ್ತಾರೆ, ಅಷ್ಟರಲ್ಲಿ ಶುರು ಮಾಡಿಯೇ ಇರುತ್ತಾರೆ. ನನಗೆ ಮಾತ್ರ ನಿಜವಾಗಿಯೂ ತೋಚುತ್ತಿಲ್ಲ. ಮೊದಲ ಡ್ರಾಫ್ಟಿನಲ್ಲಿ ಪ್ರೆಸ್ಸಿನವನನ್ನು ಖಳನಾಯಕ ಮಾಡಿದ್ದೆ. ಪುಸ್ತಕ ಕೆಡಿಸಿದವನು ಅವನೇ ಎಂದು ಮನಸಾರೆ ಬೈದೂ ಆಗಿತ್ತು. ಆಮೇಲೆ ನೋಡಿದರೆ ಪಾಪ, ಅವನು ಫೋನ್ ಮಾಡಿ, "ಮೇಡಂ, ಮುಂದೆ ಒಂದು ಪುಟ ಸೇರಿಸಿ ಕಳಿಸಿದ್ದೀರಿ, ಹಾಗೇ ಹಾಕಲಾ?" ಎಂದು ಕೇಳಿಯೇ ಹಾಕಿದ್ದ. ("ಹಾಕಿ" ಅಂದವರು ಯಾರು ಎನ್ನುವುದೇ ಈ ಕಥೆ. ಸ್ವಲ್ಪ ತಾಳಿ.) ಆ ಡ್ರಾಫ್ಟನ್ನು ಹರಿದೆ. ಎರಡನೆಯದು ಆ ಪುಸ್ತಕಕ್ಕೆ ಚಿತ್ರ ಬರೆದವಳ, ಚಿತ್ರದವಳು ಅನ್ನೋಣ, ಅವಳ ಬಾಲ್ಯದಿಂದ ಶುರುವಾಗುತ್ತಿತ್ತು. ಅದನ್ನು ಅವಳೇ ತಡೆದಳು.

"ನನ್ನ ಬಾಲ್ಯ ಯಾರಿಗೆ ಬೇಕಿದೆ? ಡಬ್ಬ ಬಂದ ದಿನದಿಂದ ಶುರು ಮಾಡು."

(ನಾನು ಸೃಷ್ಟಿಸಿದ ಪಾತ್ರ ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತದೆ. ನಾನು ಬೆಳೆಸಿದ ರೀತಿ ಹಾಗೆ.)

೨

ಪ್ರೆಸ್ಸಿನಿಂದ ಪುಸ್ತಕಗಳ ಡಬ್ಬ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ಚಿತ್ರದವಳು ಹೊಟ್ಟೆಪಾಡಿನ ಕೆಲಸದಲ್ಲಿದ್ದಳು. ಕಾರ್ಖಾನೆಗಳ ಗೋಡೆಗೆ ಅಂಟಿಸುವ ಎಚ್ಚರಿಕೆಯ ಚಿತ್ರಗಳನ್ನು ಬರೆದುಕೊಡುವುದು ಅವಳ ಉದ್ಯೋಗ. ಭಾರ ಎತ್ತುವಾಗ ಮಂಡಿ ಬಗ್ಗಿಸಿ. ಯಂತ್ರ ಓಡುವಾಗ ಕೈ ಹಾಕಬೇಡಿ. ಆ ಚಿತ್ರಗಳಲ್ಲಿರುವ ಮನುಷ್ಯನಿಗೆ ಮುಖವೇ ಇಲ್ಲ. ದಿನವೆಲ್ಲ ಮುಖವಿಲ್ಲದವನ ಬೆನ್ನು ಬಗ್ಗಿಸಿ ಬಗ್ಗಿಸಿ ಅವಳಿಗೆ ಮುಖಗಳ ಹಸಿವು ಹತ್ತಿತ್ತು. ಆ ಹಸಿವನ್ನು ಅವಳು ಕಾಮಿಕ್ಸಿನಲ್ಲಿ ತೀರಿಸಿಕೊಳ್ಳುತ್ತಿದ್ದಳು.

ಆ ಕಾಮಿಕ್ಸಿಗೆ ಕಥೆ ಬರೆಯುವವಳು ಅವಳ ಅತ್ತಿಗೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂಬಾಗಿಲಲ್ಲಿ ಕೂತು, ಬಂದವರ ಹೆಸರು ಕರೆಯುವ ಕೆಲಸ ಅವಳದು. ಒಳಗೆ ಹೋದವರು ಅರ್ಧ ಬಾಯಿ ಮರಗಟ್ಟಿಸಿಕೊಂಡು ಹೊರಗೆ ಬರುತ್ತಾರೆ. ಹೇಳಬೇಕಾದದ್ದನ್ನೆಲ್ಲ ಕಣ್ಣಲ್ಲಿ, ಕೈಯಲ್ಲಿ ಹೇಳುತ್ತಾರೆ. ಮಾತಿಲ್ಲದೆ ಎಷ್ಟು ಹೇಳಬಹುದು ಎಂಬುದನ್ನು ಅತ್ತಿಗೆ ಕಲಿತದ್ದು ಆ ಕುರ್ಚಿಯಲ್ಲೇ.

ಪ್ರಕಾಶಕರು ಯಾರೂ ಸಿಗದೆ ಇಬ್ಬರೂ ತಾವೇ ಪ್ರಕಾಶಕರಾದರು. ಮೊದಲ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ, ಅಡುಗೆಮನೆಯಲ್ಲಿ ಕೂತು ಪಿನ್ನು ಹೊಡೆದರು. ಕಾಮಿಕ್ಸ್ ಮೇಳದ ಮೊದಲ ದಿನವೇ ಖಾಲಿಯಾಯಿತು. ಆ ಉತ್ಸಾಹದಲ್ಲಿ ಎರಡನೆಯದನ್ನು ಬಣ್ಣದಲ್ಲಿ, ದಪ್ಪ ರಟ್ಟಿನಲ್ಲಿ ಮಾಡಿಸಿದರು. ಅದು ಇವತ್ತಿಗೂ ಮಂಚದ ಕೆಳಗಿದೆ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀವು ಹೆಗ್ಗಣಗಳಿಗೇ ಹಾಸಿಗೆ ಮಾಡಿಕೊಟ್ಟಿದ್ದೀರಿ," ಅಂತ ಅಣ್ಣ ಛೇಡಿಸುತ್ತಿದ್ದ. ಅಣ್ಣ, ಅಂದರೆ ಚಿತ್ರದವಳ ಅಣ್ಣ, ಅತ್ತಿಗೆಯ ಗಂಡ. ಮನೆಯಲ್ಲಿ ಕಾಮಿಕ್ಸ್ ಓದದವನು ಅವನೊಬ್ಬನೇ. ಬಂಡಲ್ ಹೊರುವವನೂ ಅವನೊಬ್ಬನೇ.

ಮೂರನೆಯದಕ್ಕೆ ಕೈ ಹಾಕುವಾಗ ಅತ್ತಿಗೆ ಒಂದು ಮಾತು ಹೇಳಿದ್ದಳು: "ಇದನ್ನೂ ಯಾರೂ ಕೇಳಲಿಲ್ಲ ಅಂದ್ರೆ ನಂಗೆ ಬರೆಯೋಕೆ ಬರಲ್ಲ ಅಂತ ಅರ್ಥ ಕಣೇ. ಆಮೇಲೆ ನನ್ನ ಬಲವಂತ ಮಾಡಬೇಡ." ಚಿತ್ರದವಳು ನಕ್ಕಿದ್ದಳು. ಒಳಗೆ ಮಾತ್ರ ಆ ಮಾತು ಮುಳ್ಳಾಗಿ ಕೂತಿತ್ತು. ಅತ್ತಿಗೆ ಬರೆಯದಿದ್ದರೆ ಅವಳಿಗೆ ಉಳಿಯುವುದು ಆ ಮುಖವಿಲ್ಲದವನೇ.

೪

(ಮೂರನ್ನು ತೆಗೆದುಬಿಟ್ಟೆ. "ಸ್ವಂತ ಪ್ರಕಟಣೆಯ ಕಷ್ಟಸುಖಗಳು" ಎಂಬ ಪ್ರಬಂಧ ಅದರಲ್ಲಿತ್ತು. ಬರೆಯುವಾಗ ನನಗೇ ಆಕಳಿಕೆ ಬಂತು.)

ಮೂರನೆಯ ಪುಸ್ತಕದ ಕಥೆ ಇಷ್ಟು. ಒಬ್ಬಳು ಬೀಗ ರಿಪೇರಿಯವಳು. ಒಂದು ದಿನ ಅವಳಿಗೆ ಕರೆ ಬರುತ್ತದೆ: ಮೇಲಿನ ಮಹಡಿಯ ಅಜ್ಜ ಎಷ್ಟು ಬಡಿದರೂ ಬಾಗಿಲು ತೆಗೆಯುತ್ತಿಲ್ಲ, ಬಂದು ಬೀಗ ಒಡೆಯಿರಿ. ಅಲ್ಲಿಂದ ಏಳು ಪುಟ ಒಂದೇ ಒಂದು ಮಾತಿಲ್ಲ. ಮೆಟ್ಟಿಲು, ಚೀಲ, ಕೈಗಳು, ಬೀಗ. ನೆರೆಯವರ ಕಾಲುಗಳು. ಓದುವವರ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಏಳನೆಯ ಪುಟದಲ್ಲಿ, ಬಲಗಡೆ, ಬಾಗಿಲು ಒಂದು ಬೆರಳಷ್ಟು ತೆರೆದುಕೊಳ್ಳುತ್ತದೆ.

ಪುಟ ತಿರುವಿದರೆ ಅಜ್ಜ ಆರಾಮಾಗಿ ಕೂತಿದ್ದಾನೆ. ಕಿವಿಯ ಮಿಷನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಮೈಮರೆತು, ಹಳೇ ಗಡಿಯಾರವೊಂದನ್ನು ಬಿಚ್ಚಿ ಹರಡಿಕೊಂಡಿದ್ದಾನೆ.

ಆ ಏಳು ಪುಟಗಳಿಗೆ ಅತ್ತಿಗೆ ಮೊದಲು ಮಾತು ಬರೆದಿದ್ದಳು. ತಿಂಗಳುಗಟ್ಟಲೆ ಕೂತು ಒಂದೊಂದಾಗಿ ತೆಗೆದಳು. ಕೊನೆಗೆ ಒಂದೂ ಉಳಿಯಲಿಲ್ಲ. ಅವಳು ಬರೆದುದರಲ್ಲೆಲ್ಲ ಅದೇ ಚೆನ್ನಾದದ್ದು ಅಂತ ಚಿತ್ರದವಳಿಗೆ ಗೊತ್ತಿತ್ತು. ಅತ್ತಿಗೆಗೆ ಗೊತ್ತಿರಲಿಲ್ಲ.

೫

ಈಗ ಡಬ್ಬ. ಟೇಪು ಕೊಯ್ದು ಮೇಲಿನ ಪ್ರತಿ ತೆಗೆದಳು. ರಟ್ಟು ಚೆನ್ನಾಗಿ ಬಂದಿತ್ತು. ಮೂಸಿದಳು. (ಪುಸ್ತಕ ಮಾಡುವವರೆಲ್ಲ ಮೂಸುತ್ತಾರೆ, ಒಪ್ಪಿಕೊಳ್ಳುವುದಿಲ್ಲ.) ಹೆಸರಿನ ಪುಟ ತಿರುವಿದಳು. ಅದರ ಬೆನ್ನಿಗೆ, ತಾನು ಎಂದೂ ಕಾಣದ ಒಂದು ಪುಟ.

"ಕಥೆ ಬರೆದವಳು ನಾನು. ಹೇಳಿದವಳು ನನ್ನ ನಾದಿನಿ. ಪುಸ್ತಕ ಅವಳಿಗೇ."

ಅವಳು ಡಬ್ಬದ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅತ್ತಿಗೆ ಎಂದೂ ಹೊಗಳಿದವಳಲ್ಲ. "ಪರವಾಗಿಲ್ಲ" ಅಂದರೆ ಅದೇ ಬಿರುದು. ಕಣ್ಣೊರೆಸಿಕೊಂಡು ಪುಟ ತಿರುವುತ್ತ ಹೋದಳು. ಏನೋ ಸರಿಯಿಲ್ಲ ಅನ್ನಿಸಿತು. ಬೇರೆಯವರ ಚಪ್ಪಲಿ ಹಾಕಿಕೊಂಡಾಗ ಆಗುತ್ತದಲ್ಲ, ಹಾಗೆ. ಬಾಗಿಲಿನ ಪುಟಕ್ಕೆ ಬಂದಳು.

ಬಾಗಿಲು ಎಡಗಡೆ ಇತ್ತು. ಅದರ ಎದುರಿಗೇ, ಬಲಗಡೆ, ಅಜ್ಜ ಗಡಿಯಾರ ಬಿಚ್ಚಿಕೊಂಡು ಕೂತಿದ್ದ.

ಅರ್ಪಣೆಯ ಪುಟ ಮುಂದೆ ಸೇರಿದ್ದರಿಂದ ಆಮೇಲಿನದೆಲ್ಲ ಒಂದೊಂದು ಪುಟ ಸರಿದು, ಬಲಗಡೆಯದು ಎಡಕ್ಕೆ, ಎಡಗಡೆಯದು ಬಲಕ್ಕೆ ಬಂದಿತ್ತು. ಬಾಗಿಲು ಇನ್ನೂ ತೆರೆಯುವ ಮೊದಲೇ ಒಳಗೆ ಅಜ್ಜ ಬದುಕಿದ್ದಾನೆ ಅಂತ ಕಾಣುತ್ತಿತ್ತು. ಏಳು ಪುಟದ ಮೌನ ಅಲ್ಲಿಗೆ ನೀರಲ್ಲಿ ಹೋಮ.

ಅತ್ತಿಗೆ ಫೋನ್ ಮಾಡಿದಳು. "ಡಬ್ಬ ಬಂತಾ? ನೋಡಿದೆಯಾ?"

"ನೋಡ್ದೆ."

"ಮೊದಲನೇ ಪುಟ?"

"ನೋಡ್ದೆ ಅತ್ತಿಗೆ."

"ಅಳ್ತಿದ್ದೀಯೇನೇ? ಅಳು, ಅಳು. ನಿನಗೆ ಗೊತ್ತಾಗದ ಹಾಗೆ ಸೇರಿಸೋಕೆ ನಾನು ಪಟ್ಟ ಪಾಡು. ಪ್ರೆಸ್ಸಿನವನು ಪುಟ ಲೆಕ್ಕ ಅಂತೆಲ್ಲ ಏನೋ ಶುರು ಮಾಡಿದ. ಕೊನೇಲಿ ಒಂದು ಖಾಲಿ ಪುಟ ಇದೆಯಲ್ಲ, ಅದನ್ನ ತೆಗೆದು ಇದನ್ನ ಹಾಕಪ್ಪ ಅಂದೆ. ಫೋನಲ್ಲೇ ಒಂದೊಂದು ಪುಟನೂ ಸರಿಸಿ ಸರಿಸಿ ನೋಡಿದೀನಿ. ಎಲ್ಲ ಸರಿ ಇದೆ."

ಫೋನಿನಲ್ಲಿ ಎಲ್ಲ ಸರಿಯೇ ಇರುತ್ತದೆ. ಅಲ್ಲಿ ಒಂದು ಸಲಕ್ಕೆ ಒಂದೇ ಪುಟ. ಎಡವೂ ಇಲ್ಲ, ಬಲವೂ ಇಲ್ಲ.

"ತುಂಬಾ ಚೆನ್ನಾಗಿದೆ ಅತ್ತಿಗೆ," ಅಂದಳು ಚಿತ್ರದವಳು. "ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ."

"ಏನೇ ಇದು, 'ನಿಮಗೆ'? ನಾನು ಮದುವೆಯಾಗಿ ಬಂದ ಹೊಸದರಲ್ಲಿ ನೀನು ಹೀಗೆ ಕರೀತಿದ್ದೆ," ಅಂತ ಅತ್ತಿಗೆ ನಕ್ಕಳು.

೬

ಇಲ್ಲಿ ಚಿತ್ರದವಳು ನನ್ನ ಮೇಲೆ ಜಗಳಕ್ಕೆ ಬಂದಳು.

"ತಪ್ಪು ಮಾಡೋಕೆ ನಿನಗೆ ನಮ್ಮ ಅತ್ತಿಗೆಯೇ ಬೇಕಿತ್ತಾ? ಅಣ್ಣನ ಕೈಲಿ ಮಾಡಿಸು. ಅವನಿಗಾದ್ರೆ ಬಾಯಿಗೆ ಬಂದ ಹಾಗೆ ಬೈದು ಮುಗಿಸ್ತಿದ್ದೆ."

"ಅದಕ್ಕೇ ಅವನ ಕೈಲಿ ಮಾಡಿಸಲಿಲ್ಲ," ಅಂದೆ.

"ಆ ಅರ್ಪಣೆಯ ಹಾಳೆ ಹರಿದುಬಿಟ್ಟರೆ?"

"ಒಂದು ಹಾಳೆ ಹರಿದರೆ ಎರಡು ಪುಟ ಹೋಗುತ್ತೆ. ಎಡದ್ದು ಎಡಕ್ಕೇ ಉಳಿಯುತ್ತೆ. ನನಗಿಂತ ನಿನಗೇ ಚೆನ್ನಾಗಿ ಗೊತ್ತು."

"ನೀನು ಬರೆಯೋದು ಗದ್ಯ. ನಿನಗೇನು ಕಷ್ಟ? ಮೂರನೇ ಭಾಗ ಕಿತ್ತು ಬಿಸಾಕಿದೆ, ಏನೂ ಅಲುಗಾಡಲಿಲ್ಲ."

ನಿಜ. ಅದಕ್ಕೆ ಅವಳಿಗೆ ಮೂರು ಕೊನೆಗಳನ್ನು ಬರೆದು ತೋರಿಸಿದೆ.

ಒಂದು: ಅವಳು ಯಾರಿಗೂ ಹೇಳುವುದಿಲ್ಲ. ಪುಸ್ತಕ ಹೇಗೋ ಖರ್ಚಾಗುತ್ತದೆ. (ಓದಿ, "ಸುಳ್ಳು. ನನ್ನ ಮುಖ ಸುಮ್ಮನಿರಲ್ಲ," ಅಂದಳು.)

ಎರಡು: ಹೇಳುತ್ತಾಳೆ, ಅತ್ತಿಗೆ ಅಳುತ್ತಾಳೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ. ("ನಮ್ಮನೇಲಿ ಯಾರೂ ತಬ್ಬಿಕೊಳ್ಳಲ್ಲ. ಯಾರ ಮನೆ ಇದು?")

ಮೂರು: ರಾತ್ರಿಯಿಡೀ ಕೂತು ಪ್ರತಿ ಪುಸ್ತಕದಲ್ಲೂ ಅಜ್ಜನ ಮೇಲೆ ಒಂದು ಕಾಗದದ ಬಾಗಿಲು ಅಂಟಿಸುತ್ತಾಳೆ. ಓದುಗರು ಅದನ್ನು ಎತ್ತಿ ನೋಡುತ್ತಾರೆ, ಎಲ್ಲರೂ ಭೇಷ್ ಅನ್ನುತ್ತಾರೆ. (ಇದು ನನಗೆ ತುಂಬ ಇಷ್ಟವಾಗಿತ್ತು. ಅವಳು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದಳು. "ಮೇಳ ನಾಳೆ ಬೆಳಿಗ್ಗೆ. ಗೋಂದು ಒಣಗೋದು ಯಾವಾಗ?")

೭

ಹಾಗಾಗಿ ಮೇಳ.

ದೊಡ್ಡ ಹಾಲ್, ಸಾಲು ಮೇಜುಗಳು, ಪ್ರತಿ ಮೇಜಿನ ಹಿಂದೆ ತಮ್ಮ ಪುಸ್ತಕ ತಾವೇ ಮಾಡಿಕೊಂಡ ಇಬ್ಬರೋ ಮೂವರೋ. ಬಂದವರು ಪುಸ್ತಕ ಎತ್ತಿಕೊಂಡಾಗ ಅದನ್ನು ಮಾಡಿದವರು ಬೇರೆಲ್ಲೋ ನೋಡುತ್ತಿರುವಂತೆ ನಟಿಸಬೇಕು, ಅದು ಅಲ್ಲಿನ ಶಿಷ್ಟಾಚಾರ. ಅತ್ತಿಗೆಗೆ ಅದು ಎಂದೂ ಒಗ್ಗಿರಲಿಲ್ಲ. ಪುಸ್ತಕ ತೆರೆದವರ ಮುಖವನ್ನೇ ನೋಡುತ್ತಿದ್ದಳು. ಬಾಗಿಲಿನ ಪುಟದಲ್ಲಿ ಒಂದು ಕ್ಷಣ ಉಸಿರು ನಿಂತೀತು, ಆಮೇಲೆ ಮುಖ ಸಡಿಲಾದೀತು: ಅದಷ್ಟೇ ಅವಳಿಗೆ ಬೇಕಿತ್ತು.

ಕಾಲೇಜು ಹುಡುಗಿಯೊಬ್ಬಳು ತಿರುವಿದಳು. ಬಾಗಿಲಿನ ಪುಟ ಬಂತು, ಹೋಯಿತು. "ಡ್ರಾಯಿಂಗ್ ಸಕತ್ತಾಗಿದೆ," ಅಂತ ಇಟ್ಟು ಮುಂದೆ ನಡೆದಳು. ಇನ್ನೊಬ್ಬರು ಹಿರಿಯರು ನಿಧಾನವಾಗಿ ನೋಡಿ, "ಇಲ್ಲಿ ಮಾತೇ ಇಲ್ವಲ್ಲಮ್ಮ. ಪ್ರಿಂಟ್ ಬಿಟ್ಟು ಹೋಗಿದೆಯಾ?" ಎಂದು ಕೇಳಿದರು. ಬಂದವರೆಲ್ಲ ಹಾಗೇ. ಯಾರ ಉಸಿರೂ ನಿಲ್ಲಲಿಲ್ಲ. ಚಿತ್ರಗಳನ್ನು ಎಲ್ಲರೂ ಹೊಗಳಿದರು.

ಊಟದ ಹೊತ್ತಿಗೆ ಅತ್ತಿಗೆ ಮುಖ ನೋಡುವುದನ್ನು ಬಿಟ್ಟಳು. ಮೇಜಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ನೇರ ಮಾಡುತ್ತ, "ಆ ಏಳು ಪುಟ ಇದೆಯಲ್ಲ," ಅಂದಳು, "ನಾನು ಮಾತು ತೆಗೆಯಬಾರದಿತ್ತು."

"ಯಾಕೆ?"

"ನಿಂತಿಲ್ಲ ಕಣೇ ಅದು. ನೋಡ್ತಾ ಇದ್ದೀನಲ್ಲ ಬೆಳಿಗ್ಗೆಯಿಂದ. ನಿನ್ನ ಗೆರೆ ನಿಂತಿದೆ. ನನ್ನದೇ ನಿಂತಿಲ್ಲ. ಇರಲಿ ಬಿಡು, ಒಂದು ಗೊತ್ತಾಯ್ತಲ್ಲ. ಮುಂದಿನದಕ್ಕೆ ಬೇರೆ ಯಾರನ್ನಾದರೂ ನೋಡಿಕೋ. ನಾನು ಬಂಡಲ್ ಹೊರ್ತೀನಿ, ನಿಮ್ಮಣ್ಣನ ಜೊತೆ."

ತಮಾಷೆಗೆ ಹೇಳಿದಂತೆ ಹೇಳಿದಳು. ಕ್ಲಿನಿಕ್ಕಿನಲ್ಲಿ "ಮುಂದಿನವರು ಬನ್ನಿ" ಅನ್ನುವ ದನಿಯಲ್ಲಿ.

ಚಿತ್ರದವಳಿಗೆ ಈಗ ಬಿಸಿತುಪ್ಪ: ಉಗುಳುವಂತಿಲ್ಲ, ನುಂಗುವಂತಿಲ್ಲ. ಸುಮ್ಮನಿದ್ದರೆ, ತನಗೆ ಬರೆಯಲು ಬರುವುದಿಲ್ಲ ಅಂತ ನಂಬಿ ಅತ್ತಿಗೆ ಪೆನ್ನು ಕೆಳಗಿಡುತ್ತಾಳೆ. ಹೇಳಿದರೆ, ಜನ್ಮದಲ್ಲಿ ಒಮ್ಮೆ ಬಾಯಿಬಿಟ್ಟು ಹೊಗಳಿದ ಪುಟವೇ ಪುಸ್ತಕ ಕೆಡಿಸಿತು ಅಂತ ಅವಳಿಗೆ ಗೊತ್ತಾಗುತ್ತದೆ.

(ಅವಳು ನನ್ನತ್ತ ನೋಡಿದಳು. ನಾನು ಬೇರೆಲ್ಲೋ ನೋಡುತ್ತಿರುವಂತೆ ನಟಿಸಿದೆ.)

ಅಷ್ಟರಲ್ಲಿ ಹೆಂಗಸೊಬ್ಬಳು ಮೇಜಿನ ಮುಂದೆ ನಿಂತಳು. ಭುಜದಲ್ಲಿ ಕಚೇರಿಯ ಚೀಲ, ಕೈಯಲ್ಲಿ ಟೀ ಲೋಟ. ಚಿತ್ರದವಳು ಬಂಡಲಿನ ಸುತ್ತಿದ್ದ ಕಂದು ಕಾಗದದ ಒಂದು ತುಂಡು ಹರಿದು, ಒಂದು ಪ್ರತಿಯಲ್ಲಿ ಅಜ್ಜನ ಪುಟದ ಮೇಲೆ ಮುಚ್ಚಿ, ಮೇಲಂಚಿಗೆ ಒಂದು ಕ್ಲಿಪ್ಪು ಸಿಕ್ಕಿಸಿದಳು. "ಇದನ್ನ ಓದಿ ನೋಡಿ. ಕಾಗದ ಬಂದಾಗ ಮೊದಲು ಎಡಗಡೆ ಪೂರ್ತಿ ನೋಡಿ, ಆಮೇಲೆ ಅದನ್ನ ಎತ್ತಿ."

ಹೆಂಗಸು ಲೋಟ ಮೇಜಿನ ಮೇಲಿಟ್ಟು ಓದತೊಡಗಿದಳು. ಮೆಟ್ಟಿಲು. ಚೀಲ. ಕೈಗಳು. ತಿರುವುವ ಬೆರಳು ನಿಧಾನವಾಗುತ್ತ ಬಂತು. ಬಾಗಿಲಿನ ಪುಟದಲ್ಲಿ ನಿಂತೇಬಿಟ್ಟಿತು. ಕಾಗದದ ಅಂಚು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಎತ್ತಿದಳು. ಆಮೇಲೆ ನಗುತ್ತ ಕಣ್ಣಿಗೆ ಕೈ ಹಚ್ಚಿದಳು. "ಅಯ್ಯೋ, ಹೋಗೇಬಿಟ್ರು ಅಂದ್ಕೊಂಡಿದ್ದೆ ನಾನು," ಅಂದಳು. "ಎರಡು ಕೊಡಿ."

ಅವಳು ಹೋದ ಮೇಲೆ ಅತ್ತಿಗೆ ಕಾಗದವಿಲ್ಲದ ಪ್ರತಿಯೊಂದನ್ನು ಎತ್ತಿಕೊಂಡಳು. ಬಾಗಿಲಿನ ಪುಟ ತೆಗೆದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅಲ್ಲಿಂದ ಒಂದೊಂದೇ ಹಾಳೆ ಹಿಂದಕ್ಕೆ ಮಗುಚುತ್ತ, ತುಟಿಯಲ್ಲೇ "ಎಡ, ಬಲ" ಅನ್ನುತ್ತ, ತಾನೇ ಬರೆದ ಆ ಮೂರು ವಾಕ್ಯಗಳಿಗೆ ಬಂದು ಮುಟ್ಟಿದಳು.

"ಫೋನಲ್ಲಿ ಹೀಗಿರಲಿಲ್ಲ," ಅಂದಳು.

"ಇರಲ್ಲ."

"ನಿನಗೆ ನೆನ್ನೆಯೇ ಗೊತ್ತಾಗಿತ್ತು."

"ಹೂಂ."

"ಬೆಳಿಗ್ಗೆಯಿಂದ ನಾನು ಇಲ್ಲಿ ಕೂತು, ನನಗೆ ಬರೆಯೋಕೆ ಬರಲ್ಲ ಅಂತ ಒದ್ದಾಡ್ತಾ ಇದ್ದೆ. ನೀನು ನೋಡ್ತಾ ಕೂತಿದ್ದೆ."

ಇದಕ್ಕೆ ಚಿತ್ರದವಳು ಕೊಡುವ ಉತ್ತರವನ್ನು ನಾಲ್ಕು ಬಗೆಯಲ್ಲಿ ಬರೆದು ನೋಡಿದೆ. ಒಂದರಲ್ಲಿ ಕ್ಷಮೆ ಕೇಳುತ್ತಾಳೆ, ಇನ್ನೊಂದರಲ್ಲಿ ಅವಳಿಗೇ ಸಿಟ್ಟು ಬರುತ್ತದೆ. ಮೂರನೆಯದರಲ್ಲಿ ಅರ್ಪಣೆಯ ಪುಟವನ್ನು ತೋರಿಸಿ, "ಇದನ್ನ ಮಾತ್ರ ತೆಗೆಯೋಕೆ ಬಿಡಲ್ಲ," ಅನ್ನುತ್ತಾಳೆ. ನಾಲ್ಕನೆಯದನ್ನು ಬರೆಯುತ್ತಿದ್ದಾಗ ಅವಳು ನನ್ನ ಕಡೆ ತಿರುಗಿದಳು.

"ಇನ್ನು ನೀನು ಹೊರಡು."

"ಕಥೆ ಮುಗಿದಿಲ್ಲ," ಅಂದೆ.

"ನಿನ್ನದು ಮುಗೀತು. ಇದು ನಮ್ಮ ಮನೆ ಮಾತು."

ಬಲವಂತ ಮಾಡಬಹುದಿತ್ತು, ಬರೆಯುವ ಕೈ ನನ್ನದೇ ತಾನೆ. ಆದರೂ ಎದ್ದು ಎದುರು ಸಾಲಿನ ಮೇಜಿಗೆ ಹೋಗಿ ನಿಂತೆ. ಅಲ್ಲಿಂದ ಮಾತು ಕೇಳಿಸುವುದಿಲ್ಲ. ಕೈಗಳು ಕಾಣುತ್ತವೆ. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದಾರೆ, ಅಂದರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಯಾರೋ ಬಂದು ಪುಸ್ತಕ ಎತ್ತಿಕೊಂಡರು. ಇಬ್ಬರೂ ತಟ್ಟನೆ ತಿರುಗಿ ಒಂದೇ ಥರದ ನಗೆ ನಕ್ಕು, ಬೆಲೆ ಹೇಳಿ, ಮತ್ತೆ ಜಗಳಕ್ಕೆ ವಾಪಸಾದರು. ಅತ್ತಿಗೆಯ ಕೈಗೆ ಎಲ್ಲಿಂದಲೋ ಒಂದು ಪೆನ್ಸಿಲ್ ಬಂದಿದೆ. ಅದರಿಂದ ಏನಾದರೂ ಬರೆಯುತ್ತಾಳೋ, ಸುಮ್ಮನೆ ಮೇಜು ಕುಟ್ಟುತ್ತಾಳೋ ಇಲ್ಲಿಂದ ಗೊತ್ತಾಗುತ್ತಿಲ್ಲ.

ನಿಮಗೆ ಅಷ್ಟು ಕುತೂಹಲವಿದ್ದರೆ ಹತ್ತಿರ ಹೋಗಿ ಕೇಳಿ. ಒಂದು ಪುಸ್ತಕ ಕೊಂಡುಕೊಂಡು ಕೇಳಿ, ಬರಿಗೈಯಲ್ಲಿ ನಿಲ್ಲಬೇಡಿ.